ಟವೆಲ್ಲಿನ ಕೆಳಗೆ ನಮ್ಮ ಮನೆಯವರು

ನನ್ನ ಗಂಡ ಯಾವ ಕೆಲಸಕ್ಕೂ ಬಾರದ ಮನುಷ್ಯ ಎಂದು ನಾನು ಎದ್ದಾಗಿನಿಂದ ಮಲಗುವವರೆಗೆ ಹೇಳುತ್ತಲೇ ಇರುತ್ತೇನೆ. ಅದು ನನ್ನ ಹಕ್ಕು. ತಾಳಿಯ ಜೊತೆಗೇ ಕಟ್ಟಿಸಿಕೊಂಡು ಬಂದ ಹಕ್ಕು. ಆದರೆ ಅದೇ ಮಾತನ್ನು ಇನ್ನೊಬ್ಬರು, ಅದೂ ನನ್ನ ಮನೆಯ ಜಮಖಾನದ ಮೇಲೆ ಕುಳಿತು, ನಾನೇ ಒಗ್ಗರಣೆ ಹಾಕಿದ ಚುರುಮುರಿ ಮುಕ್ಕುತ್ತ ಹೇಳಿದರೆ ನಾನು ಬಿಡುವವಳಲ್ಲ. ಬಿಡಲೂ ಇಲ್ಲ. ಆಮೇಲೆ ಏನಾಯಿತು ಎಂಬುದನ್ನು ಬಾಗಲಕೋಟೆಯ ಮಂದಿ ತಮಗೆ ಬೇಕಾದ ಹಾಗೆ ಬಣ್ಣ ಹಚ್ಚಿ ಹೇಳುತ್ತ ತಿರುಗುತ್ತಿದ್ದಾರೆ. ಅದಕ್ಕೇ ಖರೆ ಸಂಗತಿಯನ್ನು ನಾನೇ ಹೇಳಿಬಿಡುತ್ತೇನೆ. ಕೇಳಿದ ಮೇಲೆ ತಪ್ಪು ಯಾರದು ಎಂದು ನೀವೇ ತೀರ್ಮಾನಿಸಿ. (ನನ್ನದಲ್ಲ. ಇದೊಂದನ್ನು ಮೊದಲೇ ಹೇಳಿಟ್ಟಿರುತ್ತೇನೆ.)

ನಮ್ಮ ಮನೆಯವರು ಮೋಜಣಿ ಖಾತೆಯಲ್ಲಿ ನೌಕರರು. (ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಮುಂದೆ ಯಾರಾದರೂ ಕರೆಯುತ್ತಾರೆ, ಆಗ ಕೇಳಿಸಿಕೊಳ್ಳಿ.) ಹಗಲೆಲ್ಲ ಮಂದಿಯ ಹೊಲದಲ್ಲಿ ಸರಪಳಿ ಎಳೆದು ಅಳೆಯುವುದು, ಸಂಜೆ ಅರಳೆ ಗೋದಾಮಿನ ಹಿಂದಿನ ಬಯಲಿನಲ್ಲಿ ಬಾಸ್ಕೆಟ್‌ಬಾಲ್ ಆಡುವುದು, ಮನೆಗೆ ಬಂದು ಮೊಣಕಾಲು ಹಿಡಿದುಕೊಂಡು ನರಳುವುದು. ಇದೇ ಅವರ ಸಮಗ್ರ ಜೀವನ ಚರಿತ್ರೆ. ಆಳು ಎಷ್ಟು ಎತ್ತರ ಎಂದರೆ, ಕನ್ಯೆ ನೋಡಲು ಬಂದ ದಿನ ನಮ್ಮ ತವರುಮನೆಯ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡರು. ನಾನು ಚಹಾ ತರುವುದಕ್ಕಿಂತ ಮೊದಲು ನಮ್ಮವ್ವ ಅರಿಸಿನ ತರಬೇಕಾಯಿತು. ನಮ್ಮಪ್ಪ ಅಮಾತೆಪ್ಪ ಅಮೀನಗಡ ಸಂತೆಯಲ್ಲಿ ಹೆಸರಾದ ಎತ್ತಿನ ದಲಾಲಿ. ಆತ ವರನನ್ನು ಪಾದದಿಂದ ನೆತ್ತಿಯವರೆಗೆ ನೋಡಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎತ್ತರ ಐತಿ, ಕಾಲು ಗಟ್ಟಿ ಅದಾವು, ಹಾಯೂ ಗುಣ ಇಲ್ಲ, ಕೊಡೂಣು" ಎಂದ. ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ಬಾಯಿ ತೆರೆಸಿ ಹಲ್ಲು ನೋಡಲಿಲ್ಲ ಎಂಬುದೊಂದೇ ಸಮಾಧಾನ.

ಒಂದು ಕಾಲದಲ್ಲಿ ಕಿಲ್ಲಾ ಓಣಿ ಬಾಸ್ಕೆಟ್‌ಬಾಲ್ ಸಂಘ ಎಂದರೆ ಇವರು, ಇವರು ಎಂದರೆ ಸಂಘ. ಬಿಜಾಪುರದ ಜಿಲ್ಲಾ ಟೂರ್ನಮೆಂಟಿನಲ್ಲಿ ಅರ್ಧ ಮೈದಾನದಿಂದ ಚೆಂಡು ಒಗೆದು ಬುಟ್ಟಿಗೆ ಹಾಕಿದ್ದಕ್ಕೆ ಮಂದಿ ಇವರನ್ನು ಹೆಗಲ ಮೇಲೆ ಹೊತ್ತು ತಂದರಂತೆ. ನಾನು ಅದನ್ನು ಕಣ್ಣಾರೆ ನೋಡಿದವಳಲ್ಲ. ಆದರೆ ಊಟಕ್ಕೆ ಕೂತಾಗಲೆಲ್ಲ ಕೇಳಿ ಕೇಳಿ, ಆ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬುದನ್ನೂ ಹೇಳಬಲ್ಲೆ. ಈಗ ನಲವತ್ತು ದಾಟಿದೆ. ಹೊಟ್ಟೆ ಸಂಘಕ್ಕಿಂತ ಮುಂದೆ ಓಡುತ್ತದೆ, ಮೊಣಕಾಲು ಹಿಂದೆ ಉಳಿಯುತ್ತದೆ. ಆದರೂ ಚಟ ಬಿಟ್ಟಿಲ್ಲ. ಮನೆಯಲ್ಲಿ ಪ್ರಾಕ್ಟೀಸು ಮಾಡಬೇಕು ಎಂದು ನನ್ನ ಹೊಸ ರೊಟ್ಟಿ ಬುಟ್ಟಿಯ ತಳ ಕೊಯ್ದು ಹಿತ್ತಲ ಬೇವಿನ ಮರಕ್ಕೆ ಕಟ್ಟಿದ ಮಹಾಪುರುಷರು ಇವರು. ಅವತ್ತು ನಾನು ರೊಟ್ಟಿ ಬಡಿದು ಬುಟ್ಟಿ ಹುಡುಕಿ ಹುಡುಕಿ ಸಾಕಾಗಿ ಹಿತ್ತಲಿಗೆ ಬಂದು ಮೇಲೆ ನೋಡಿದರೆ, ಬುಟ್ಟಿಯೊಳಗಿಂದ ಆಕಾಶ ಕಾಣುತ್ತಿತ್ತು.

ಆ ವರ್ಷ, ಅಂದರೆ ಎಪ್ಪತ್ತೆಂಟರಲ್ಲಿ, ಸಂಘ ಸೋತದ್ದೇ ಸೋತದ್ದು. ಇಲಕಲ್ಲಿನ ನೇಕಾರ ಹುಡುಗರು ಹಗಲಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು, ಸಂಜೆ ಮೈದಾನಕ್ಕೆ ಇಳಿದು ನಮ್ಮವರನ್ನು ಲಾಳಿಯ ಹಾಗೆ ಅತ್ತಿಂದಿತ್ತ ಓಡಿಸಿ ಸೋಲಿಸಿದರು. ಬಾದಾಮಿಯಲ್ಲಿ ಅದಕ್ಕಿಂತ ಕಡೆ. ಅಲ್ಲಿ ಸೋತು, ನೇರ ಬಸ್ಸೂ ತಪ್ಪಿ, ಕುಳಗೇರಿ ಕ್ರಾಸಿನಲ್ಲಿ ಇಳಿದು ನಿಂತಾಗ ಚಹಾದ ಅಂಗಡಿಯವನು "ಎಷ್ಟಕ್ಕ ಸೋತ್ರಿ?" ಎಂದು ಕೇಳಿದನಂತೆ. ಹೇಳಿದ ಮೇಲೆ ಚಹಾದ ರೊಕ್ಕ ಬೇಡ ಎಂದನಂತೆ. ಇಷ್ಟು ಅವಮಾನ ಸಾಲದೆಂದು ಇವರು ಆ ಚಹಾ ಭಾಳ ಚಲೋ ಇತ್ತು ಎಂದು ಮನೆಗೆ ಬಂದು ಹೊಗಳಿದರು.

ಸಂಘಕ್ಕೆ ನೀಲಪ್ಪ ಎಂಬ ಹೊಸ ಸೆಕ್ರೆಟರಿ. ಸೊಸೈಟಿಯಲ್ಲಿ ಕಾರಕೂನ, ಮೀಸೆ ಈಗಷ್ಟೇ ದಪ್ಪವಾಗುತ್ತಿದೆ, ದಿನಾ ಪೇಪರು ಓದಿ ದೊಡ್ಡ ದೊಡ್ಡ ಶಬ್ದ ಕಲಿಯುತ್ತಾನೆ. ಬೇಸಿಗೆಯ ಒಂದು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತ.

"ವೈನಿ, ಐತವಾರ ಮಧ್ಯಾಹ್ನ ಕಮಿಟಿ ಮೀಟಿಂಗು, ನಿಮ್ಮನ್ಯಾಗ. ಚುರುಮುರಿ ಸ್ವಲ್ಪ ಹೆಚ್ಚಿಗಿ ಮಾಡ್ರಿ. ಹುನಗುಂದ ಸಂಘದ ದುರ್ಗಪ್ಪಣ್ಣ ಬರಾಕತ್ತಾರ."

"ಅವರ್ಯಾಕ ಬರ್ತಾರ ನಮ್ಮನಿಗೆ?"

"ಸಂಘದ ಪುನರ್ನಿರ್ಮಾಣದ ವಿಷಯ ಐತ್ರಿ."

"ಹಂಗಂದ್ರ ಏನಪಾ? ಗೋಡಿ ಕಟ್ಟತೀರೇನು?"

ನೀಲಪ್ಪ ಚಪ್ಪಲಿಯ ಕಡೆ ನೋಡಿದ. "ಗೋಡಿ ಅಲ್ರಿ. ರಾಚಪ್ಪಣ್ಣಾರನ್ನ ಹುನಗುಂದ ಸಂಘಕ್ಕ ಕೊಟ್ಟು, ಅಲ್ಲಿಂದ ಎಳೇ ಆಟಗಾರರನ್ನ ತಗೊಳ್ಳೂದು. ಅದಲು ಬದಲು. ಈಗ ಎಲ್ಲಾ ಕಡೆ ಹಿಂಗ ಮಾಡಾಕತ್ತಾರ್ರಿ ವೈನಿ."

(ಹೆಸರು ಕೇಳಿಸಿಕೊಂಡಿರಲ್ಲ? ಸರಿ.)

ಅವನಿಗೆ ಒಂದು ಲೋಟ ನೀರು ಕೂಡ ಕೊಡದೆ ಬಾಗಿಲು ಹಾಕಿಕೊಂಡೆ. ನಡುಮನೆಯಲ್ಲಿ ನಮ್ಮ ಮನೆಯವರು ಕನ್ನಡಿ ಮುಂದೆ ಕೂತು ಗಡ್ಡ ಕೆರೆಯುತ್ತಿದ್ದರು.

"ನಿಮ್ಮನ್ನ ಮಾರಾಕತ್ತಾರ, ಗೊತ್ತೈತೇನು?"

"ಗೊತ್ತೈತಿ."

"ಗೊತ್ತಿದ್ದೂ ಗಡ್ಡ ಕೆರೀತೀರಿ?"

"ಮಾರೂದು ಅಲ್ಲ ಅದು. ಅದಲು ಬದಲು."

"ಭಾಂಡೆ ಮಾರಾಕಿ ಹಳೇ ಸೀರಿ ಒಯ್ದು ಹೊಸಾ ತಂಬಗಿ ಕೊಡತಾಳಲ್ಲ, ಹಂಗ?"

"ಹಂಗs ಅನ್ಕೋ."

"ಹಳೇ ಸೀರಿ ಸೈತ ನಾ ಸುಮ್ಮನ ಕೊಡೂದಿಲ್ಲ. ನೋಡೇರಿಲ್ಲೋ? ಓಣಿ ತುದಿತನಕ ಆಕಿ ಬೆನ್ನ ಹತ್ತಿ ಹೋಗಿ ಮುಚ್ಚಳಾನೂ ಇಸಗೊಂಡು ಬರ್ತೇನಿ! ಮತ್ತ ನೀವು ಬಾಯಾಗ ಸಾಬೂನು ಇಟಗೊಂಡು ಕುಂತೀರಿ. ಖರೆ ಹೇಳ್ರಿ, ನಿಮಗ ಹೋಗಾಕ ಮನಸೈತೇನು?"

ಆಗ ಅವರು ಗಡ್ಡ ಕೆರೆಯುವ ಖೂರು ಕೆಳಗಿಟ್ಟರು. ಅರ್ಧ ಮುಖದ ಮೇಲೆ ನೊರೆ, ಇನ್ನರ್ಧ ಖಾಲಿ. ಅಂಥ ಮುಖ ನೋಡಿ ಯಾರಿಗಾದರೂ ನಗು ಬರಬೇಕು, ನನಗೆ ಬರಲಿಲ್ಲ.

"ಇಪ್ಪತ್ತು ವರ್ಷ ಆ ಬಯಲಾಗ ಆಡೇನಿ ಸಿದ್ದಿ. ಆಡೂದಾದ್ರ ಅಲ್ಲೇ ಆಡತೇನಿ. ಆಗದಿದ್ದ ದಿನ ಅಲ್ಲೇ ಕಟ್ಟೀಮ್ಯಾಲೆ ಕುಂತು ನೋಡತೇನಿ. ಬ್ಯಾರೆ ಊರ ಬನೀನು ಮೈಮ್ಯಾಲೆ ಹಾಕ್ಕೊಂಡು ಇದs ಊರಿನ ವಿರುದ್ಧ ಆಡೂದಂದ್ರ... ಆಗೂದಿಲ್ಲ ನನ್ನ ಕಡಿಂದ." ಮತ್ತೆ ಖೂರು ಎತ್ತಿಕೊಂಡರು. "ಆಗೂದೇನಿಲ್ಲ ಬಿಡು. ನೀ ಚುರುಮುರಿ ಕಡೆ ನೋಡು. ಐತವಾರ ಒಳಗಿಂದ ಹೊರಗ ಬರಬ್ಯಾಡ, ಅಷ್ಟs ಸಾಕು."

ಈ ಮನುಷ್ಯ ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ತನ್ನ ಮನಸ್ಸು ಹೇಳಿದ್ದು ಅದೇ ಮೊದಲು. ನನಗೆ ಸಂಕಟವಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು. 'ಆಗೂದೇನಿಲ್ಲ' ಅಂತೆ! ಜಗಳ ಮಾಡದೆ ಈ ಲೋಕದಲ್ಲಿ ಯಾವುದು ತಾನಾಗಿ ಆಗದೇ ನಿಂತಿದೆ? ಇವರ ಬಾಯಿ ಸತ್ತಿದ್ದರೆ ನನ್ನದು ಇದೆಯಲ್ಲ ಎಂದು ಅವತ್ತೇ ನಿರ್ಧರಿಸಿದೆ.

ಭಾನುವಾರ ಬಂತು. ಜಮಖಾನ ಹಾಸಿದೆ, ಲೋಡು ಇಟ್ಟೆ. (ಶತ್ರುವಿಗೂ ಲೋಡು ಕೊಡುವ ಮನೆತನ ನಮ್ಮದು.) ಅಧ್ಯಕ್ಷರಾದ ಮಲೀಕಸಾಬರು ಬಂದರು. ಅವರೂ ಎತ್ತಿನ ದಲಾಲಿಗಳೇ, ನಮ್ಮಪ್ಪನ ಜೊತೆ ಸಂತೆ ಮಾಡಿದವರು. ಬಿಳಿ ಗಡ್ಡ, ಹೆಗಲ ಮೇಲೆ ದೊಡ್ಡ ಟವೆಲ್. ನಾನು ಕಾಕಾ ಎಂದೇ ಕರೆಯುವುದು. ಹಿಂದಿನಿಂದ ನೀಲಪ್ಪ, ಕಮಿಟಿಯ ಉಳಿದ ಮಂದಿ, ಅವರ ಹಿಂದೆ ಹುನಗುಂದದ ದುರ್ಗಪ್ಪ. ಹೆಗಲ ಮೇಲೆ ಕಂಬಳಿ, ಕೊರಳಲ್ಲಿ ಬೀರಪ್ಪನ ಭಂಡಾರದ ಚೀಲ, ಹಣೆಯ ಮೇಲೂ ಅರಿಸಿನವೋ ಅರಿಸಿನ. ವಯಸ್ಸಾದ ಗಟ್ಟಿ ಕುಳ. ಬಂದವನೇ ನಮ್ಮ ಮನೆಯವರನ್ನು ಒಂದು ಸಲ ಓರೆಗಣ್ಣಿನಿಂದ ನೋಡಿ, "ಕಾಲು ನೋವಂತಲ್ಲೋ ರಾಚಪ್ಪಾ?" ಎಂದ. ವ್ಯಾಪಾರಕ್ಕೆ ಮುಂಚೆ ಐಬು ತೆಗೆಯುವುದು ಹಳೆಯ ವಿದ್ಯೆ, ನನಗೆ ಕಲಿಸುತ್ತಾನೆ!

ನಾನು ಅಡುಗೆಮನೆಯ ಬಾಗಿಲ ಪರದೆಯ ಹಿಂದೆ ನಿಂತೆ. ನೀಲಪ್ಪ ಭಾಷಣ ಶುರು ಮಾಡಿದ.

"ರಾಚಪ್ಪಣ್ಣಾರ ಬಗ್ಗೆ ನಮಗ ಅಪಾರ ಗೌರವ ಐತಿ. ಸಂಘ ಕಟ್ಟಿದವರs ಅವರು. ಆದ್ರ ಎಲ್ಲಾರೂ ಚೆಂಡು ಅವರ ಕೈಗೇ ಕೊಟ್ಟು ನೋಡಕೋತ ನಿಂದ್ರತಾರ. ಅವರು ಓಡಿ ಮುಟ್ಟೂದರಾಗ ಎದುರಿನವರು ಬುಟ್ಟಿಗೆ ಹಾಕಿ, ನೀರು ಕುಡದು, ವಾಪಸ್ ಬಂದಿರ್ತಾರ. ಅವರು ಇರೂತನಕ ಹೊಸಬರು ಬೆಳಿಯೂದಿಲ್ಲ. ಅವರಿಗೆ ಕಿಮ್ಮತ್ತು ಇರೂವಾಗನs ಕೊಟ್ಟು, ಎಳೇರನ್ನ ತಂದು, ಬುಡದಿಂದ ಪುನರ್ನಿರ್ಮಾಣ ಮಾಡಬೇಕು."

"ಎಳೇರು ಇವತ್ತ ಆಡತಾರ, ನಾಳೆ ನೌಕರಿ ಸಿಕ್ಕಿತಂದ್ರ ಹೋಗತಾರ" ಎಂದರು ಮಲೀಕಸಾಬರು. "ಇವ ಸೋತ್ರೂ ಮರುದಿನ ಸಂಜೀಕ ಮೊದಲ ಬಂದು ಬಯಲು ಕಸ ಹೊಡೀತಾನ. ಅದಕ್ಕೇನು ಕಿಮ್ಮತ್ತು ಕಟ್ಟತಿ ನೀಲಪ್ಪಾ?"

"ಕಸ ಹೊಡದ್ರ ಕಪ್ಪು ಬರೂದಿಲ್ರಿ ಸಾಹೇಬ್ರ."

ಪರದೆ ಹರಿದುಕೊಂಡು ಹೊರಗೆ ಹೋಗುವಷ್ಟು ಸಿಟ್ಟು ಬಂತು. ತಡೆದುಕೊಂಡೆ. ಕಮಿಟಿ ಕೈ ಎತ್ತಿತು: ಕೊಡುವುದು ಎಂದು ಠರಾವಾಯಿತು. ಮಲೀಕಸಾಬರು ಒಂದು ನಿಟ್ಟುಸಿರು ಬಿಟ್ಟು ಹೆಗಲಿನ ಟವೆಲ್ ತೆಗೆದರು.

"ಆತು. ಆದ್ರ ಮನಷ್ಯಾನ ಎದುರಿಗೆ ಬಾಯಿಬಿಟ್ಟು ಕಿಮ್ಮತ್ತು ಮಾತಾಡೂದು ಮರ್ಯಾದಿ ಅಲ್ಲ. ಎತ್ತಿನ ಮುಂದೂ ನಾವು ಮಾತಾಡೂದಿಲ್ಲ. ದುರ್ಗಪ್ಪಾ, ಕೈ ಕೊಡು."

ಸಂತೆ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಕೊಡುವವನು, ಕೊಳ್ಳುವವನು ಇಬ್ಬರೂ ಟವೆಲ್ಲಿನ ಕೆಳಗೆ ಕೈ ಸೇರಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಬಾಯಿಯಲ್ಲಿ ಮಳೆ ಬೆಳೆ ಮಾತಾಡುತ್ತಿರುತ್ತಾರೆ, ಕೈಯಲ್ಲಿ ಯುದ್ಧ ನಡೆದಿರುತ್ತದೆ. ಒಪ್ಪಿಗೆಯಾದರೆ ಕೈ ಜಗ್ಗಿ ಕುಲುಕುವುದು. ಕುಲುಕಿತೋ, ಮುಗಿಯಿತು, ಸಾಕ್ಷಾತ್ ಶಿವ ಬಂದರೂ ಆ ವ್ಯಾಪಾರ ಮುರಿಯುವ ಹಾಗಿಲ್ಲ. ನಾನು ಲಂಗ ಉಡುವ ವಯಸ್ಸಿನಲ್ಲಿ ನಮ್ಮಪ್ಪನ ಪಕ್ಕದಲ್ಲಿ ಕೂತು, ಬರೀ ಟವೆಲ್ ಅಲುಗುವುದನ್ನು ನೋಡಿ ಜೋಡೆತ್ತಿನ ಬೆಲೆ ಹೇಳುತ್ತಿದ್ದೆ. ಆ ಸಂತೆಯ ಮಂದಿಯನ್ನು ಬೇಕಾದರೆ ಕೇಳಿ.

"ಈ ಸಲ ಬಿಸಲು ಭಾಳ" ಎಂದರು ಮಲೀಕಸಾಬರು. ಟವೆಲ್ ಸುಮ್ಮನಿತ್ತು.

"ಹೌದು ನೋಡ್ರಿ" ಎಂದ ದುರ್ಗಪ್ಪ. ಟವೆಲ್ ಎರಡು ಸಲ ಕುಪ್ಪಳಿಸಿತು.

"ಕಲಾದಗಿ ಕಡೆ ದಾಳಿಂಬರ ಒಣಗಿದಾವಂತ."

"ಅಯ್ಯೋ ಪಾಪ." ಮತ್ತೆ ಎರಡು ಸಲ.

ಎರಡು! ಇಪ್ಪತ್ತು ವರ್ಷ ಸಂಘಕ್ಕಾಗಿ ಮೊಣಕಾಲು ಸವೆಸಿದ, ಬಿಜಾಪುರದಲ್ಲಿ ಅರ್ಧ ಮೈದಾನದಿಂದ ಬುಟ್ಟಿಗೆ ಹಾಕಿದ ನನ್ನ ಗಂಡನಿಗೆ ಎರಡು ಮೀಸೆ ಬಾರದ ಹುಡುಗರು! ಎಂಥ ಮುದಿ ಎತ್ತಿಗೂ ಎರಡು ಹೋರಿಕರ ಬರುತ್ತವೆ! ಇವರನ್ನು ನೋಡಿದರೆ ಕಂಬಕ್ಕೆ ಒರಗಿ ಚಹಾ ಕುಡಿಯುತ್ತಿದ್ದಾರೆ, ತಮ್ಮ ಹರಾಜು ತಮಗೆ ಸಂಬಂಧವಿಲ್ಲದ ಹಾಗೆ. ಮುಖದ ಮೇಲೆ ಒಂದು ಸಣ್ಣ ನಗು ಬೇರೆ.

ಪರದೆ ಸರಿಸಿ ಹೊರಗೆ ಬಂದೆ. ಕೈಯಲ್ಲಿ ಚುರುಮುರಿ ಕೈಯಾಡಿಸುವ ಸೌಟು ಹಾಗೇ ಇತ್ತು.

"ನಿಲ್ಲಸ್ರಿ ವ್ಯಾಪಾರ!"

"ಏ, ಒಳಗ ಹೋಗ" ಎಂದರು ಇವರು, ಚಹಾ ನೆತ್ತಿಗೇರಿ.

"ನೀವು ಸುಮ್ಮನ ಕುಂದರ್ರಿ. ನೀವು ಈಗ ಮಾಲು. ಮಾಲು ಮಾತಾಡಬಾರದು." ಮಲೀಕಸಾಬರ ಕಡೆ ತಿರುಗಿದೆ. "ಕಾಕಾ, ನಮ್ಮಪ್ಪನ ಜೋಡಿ ಸಂತಿ ಮಾಡಿದವರು ನೀವು. ನಿಮ್ಮ ಕೈಯಾಗ ನನ್ನ ಗಂಡಗ ಇಷ್ಟs ಕಿಮ್ಮತ್ತೇನು? ಕೈ ತಗೀರಿ."

"ಬೇಟಿ, ನಾ ಹೇಳೂದು ಸ್ವಲ್ಪ ಕೇಳು..." ಎಂದು ಅವರು ನನಗೆ ಕಣ್ಣು ಹೊಡೆದರು. ಹೌದು, ಕಣ್ಣು ಹೊಡೆದರು! ಮೊಮ್ಮಕ್ಕಳನ್ನು ಕಂಡ ಮನುಷ್ಯ, ಇಷ್ಟು ಮಂದಿಯ ಎದುರಿಗೆ! ನಮ್ಮ ಮನೆಯವರ ಕಡೆ ನೋಡಿದರೆ ಅವರೂ ಹುಬ್ಬು ಮೇಲೆ ಕೆಳಗೆ ಮಾಡುತ್ತಿದ್ದಾರೆ. ಕಣ್ಣಿಗೆ ಕಸ ಬಿದ್ದಿರಬೇಕು ಎಂದುಕೊಂಡೆ.

"ನಾ ಏನೂ ಕೇಳೂದಿಲ್ಲ. ನನ್ನ ಗಂಡನ ವ್ಯಾಪಾರ ನಾ ಮಾಡತೇನಿ."

ಮಲೀಕಸಾಬರ ಕೈಯನ್ನು ಟವೆಲ್ಲಿನಿಂದ ಎಳೆದುಹಾಕಿ, ಅವರ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಪರಗಂಡಸಿನ ಕೈ ಹಿಡಿಯುವುದು ಹೇಗೆ ಎಂದು ಕೇಳುತ್ತೀರಿ. ಅದಕ್ಕೂ ದಾರಿ ಇದೆ.

"ದುರ್ಗಪ್ಪಣ್ಣಾ, ನಿಮ್ಮನ್ನ ಅಣ್ಣಾ ಅಂತ ಕರದೇನಿ. ಕೈ ಕೊಡ್ರಿ ಇಲ್ಲೆ." (ಒಮ್ಮೆ ಅಣ್ಣಾ ಎಂದು ಕರೆದ ಮೇಲೆ ಯಾರ ಅಪ್ಪಣೆ ಬೇಕು?)

ದುರ್ಗಪ್ಪ ಹೆದರಿ ಕೈ ಕೊಟ್ಟ. ಟವೆಲ್ಲಿನ ಕೆಳಗೆ ಒಂದು ಕ್ಷಣ ಯೋಚಿಸಿದೆ. ವ್ಯಾಪಾರ ಮುರಿಯಬೇಕು, ಅವನು ಎದ್ದು ಓಡುವಂತೆ ಕೇಳಬೇಕು. ಐದು ಕೇಳಬಹುದಿತ್ತು. ಆದರೆ ಬಾಸ್ಕೆಟ್‌ಬಾಲಿನಲ್ಲಿ ಒಂದು ಕಡೆ ಆಡುವವರೇ ಐದು ಮಂದಿ. ಐದು ಎಂದರೆ ಇಡೀ ತಂಡವನ್ನೇ ಕೇಳಿದ ಹಾಗೆ, ಹೆಂಗಸು ಚೇಷ್ಟೆ ಮಾಡುತ್ತಾಳೆ ಎಂದುಕೊಂಡಾನು. ನಾಲ್ಕು ಎಂದರೆ ಹಾಗಲ್ಲ. ನಾಲ್ಕರಲ್ಲಿ ಒಂದು ಗಾಂಭೀರ್ಯ ಇದೆ, ಏಟೂ ಇದೆ. ಹೆಬ್ಬೆರಳೊಂದನ್ನು ಬಿಟ್ಟು ಅವನ ನಾಲ್ಕೂ ಬೆರಳನ್ನು ಲಟಕ್ಕನೆ ಮುರಿಯುವ ಹಾಗೆ ಹಿಡಿದೆ. ನಮ್ಮಪ್ಪ ನೋಡಿದ್ದರೆ ಕಣ್ಣಲ್ಲಿ ನೀರು ತರುತ್ತಿದ್ದ.

ದುರ್ಗಪ್ಪ ನನ್ನ ಮುಖವನ್ನೇ ನೋಡಿದ. "ಈ ಹಿಡಿತ... ನೀ ಅಮೀನಗಡದ ಅಮಾತೆಪ್ಪನ ಮಗಳೇನವಾ?"

"ಹೌದು!" ಎಂದೆ ಎದೆ ಸೆಟೆಸಿ.

"ಅದಕ್ಕs!" ಎಂದವನೇ ನನ್ನ ಕೈ ಜಗ್ಗಿ ಕುಲುಕಿಬಿಟ್ಟ.

ನಮ್ಮ ಮನೆಯವರ ಕೈಯಿಂದ ಕಪ್ಪು ಬಸಿ ಜಾರಿತು. ಬಸಿ ಒಡೆಯಿತು. ನೀಲಪ್ಪ ಮಾತ್ರ ಬೆರಳು ಮಡಚಿ ನಾಲ್ಕು ಎಂದು ಎಣಿಸಿ ಹಲ್ಲು ಕಿರಿದ. ನಾನು ಮುರಿಯಲು ಹೋದ ವ್ಯಾಪಾರ ಕುದುರಿಬಿಟ್ಟಿತ್ತು, ನಿಜ. ಆದರೆ ಅದರ ಹಿಂದೆಯೇ, ಸುಳ್ಳೇಕೆ ಹೇಳಲಿ, ಹೆಮ್ಮೆ ಉಕ್ಕಿತು. ನಾಲ್ಕು! ಈ ಸೀಮೆಯಲ್ಲಿ ಯಾವ ಹೆಂಡತಿಯ ಗಂಡನಿಗೆ ನಾಲ್ಕು ಬಂದಿದೆ?

ಮಲೀಕಸಾಬರು ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಏನೋ ಹೊಳೆದವರಂತೆ ಎದ್ದು ಕೂತರು. "ದುರ್ಗಪ್ಪಾ, ಇದು ವ್ಯಾಪಾರ ಅಲ್ಲಪಾ. ಹೆಣ್ಣಮಗಳು, ತಿಳೀದ ಕೈ ಹಾಕ್ಯಾಳ. ಸಂತ್ಯಾಗ ಹೆಣ್ಣಮಕ್ಕಳ ಕೈ ಲೆಕ್ಕಕ್ಕ ಬರೂದಿಲ್ಲ. ನಿನಗೂ ಗೊತ್ತೈತಿ."

ದುರ್ಗಪ್ಪ ಗಡ್ಡ ಕೆರೆದುಕೊಂಡ. "ಅದೂ ಖರೆ ಐತಿ ಬಿಡ್ರಿ" ಎಂದು ಮೆತ್ತಗಾದ. "ತಂಗೆವ್ವಾ, ತಿಳೀದ ಹಿಡದಿ ಅಂದ್ರ ನಾ ಬಿಟ್ಟಬಿಡತೇನಿ. ಬೀರಪ್ಪನ ಆಣಿ, ಬ್ಯಾಸರ ಮಾಡಿಕೊಳ್ಳೂದಿಲ್ಲ."

ನಮ್ಮ ಮನೆಯವರ ಮುಖ ಅರಳಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು 'ಹೌದ್ರಿ' ಎಂದು ಒಂದು ಸಲ ತಲೆ ಆಡಿಸಿದ್ದರೆ ಸಾಕಾಗಿತ್ತು. ಅದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ತಿಳಿಯದೆ ಹಿಡಿದೆನಂತೆ! ಅಮಾತೆಪ್ಪನ ಮಗಳು, ಅಮೀನಗಡ ಸಂತೆಯಲ್ಲಿ ಹಲ್ಲು ಬಂದವಳು, ತಿಳಿಯದೆ ಹಿಡಿದೆನಂತೆ! ಅದೂ ಎರಡಕ್ಕೆ ಕೊಡುತ್ತಿದ್ದವರು ನನ್ನ ನಾಲ್ಕನ್ನು ಲೆಕ್ಕಕ್ಕಿಲ್ಲ ಎನ್ನುತ್ತಾರೆ! ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ.

"ಯಾಕ ಬರೂದಿಲ್ಲ ಲೆಕ್ಕಕ್ಕ? ರೊಟ್ಟಿ ಬಡಿಯಾಕ ಲೆಕ್ಕಕ್ಕ ಬರತೈತಿ, ಕಾಲು ಒತ್ತಾಕ ಬರತೈತಿ, ವ್ಯಾಪಾರಕ್ಕ ಬರೂದಿಲ್ಲೇನು ಈ ಕೈ? ತಿಳದs ಹಿಡದೇನಿ! ನಾಕ ಅಂದ್ರ ನಾಕ! ಬಸವಣ್ಣನ ಆಣಿ, ಹಿಂದ ಸರಿಯೂದಿಲ್ಲ!"

"ಏ ಹುಚ್ಚೀ!" ಎಂದು ಇವರು ಕೂಗಿದರು.

"ಮಾಲು ಮಾತಾಡಬಾರದು ಅಂತ ಹೇಳೇನಿ!"

ದುರ್ಗಪ್ಪ ಕಂಬಳಿ ಕೊಡವಿ ಎದ್ದ. ನಮ್ಮ ಮನೆಯವರ ಹಣೆಗೆ ಭಂಡಾರ ಹಚ್ಚಿದ, ಸಂತೆಯಲ್ಲಿ ಕೊಂಡ ಎತ್ತಿಗೆ ಹಚ್ಚುವ ಹಾಗೆಯೇ. "ಶನಿವಾರ ಸಂಜೀ ಬಸ್ಸಿಗೆ ಬಾರಪಾ ರಾಚಪ್ಪಾ. ಊಟ ನಮ್ಮನ್ಯಾಗ." ಹೊಸ್ತಿಲು ದಾಟುವಾಗ ನನ್ನ ಕಡೆ ತಿರುಗಿ ಕೈ ಮುಗಿದ. "ಒಂದ ಮಾತು ಹೇಳತೇನಿ ತಂಗೀ. ಆ ನಾಲ್ವರೂ ಜೂನದಾಗ ನಿಮ್ಮೂರ ಕಾಲೇಜಿಗೆ ಬರೂವರs ಇದ್ರು. ಹ್ಯಾಂಗೂ ನನ್ನ ಕೈ ಬಿಟ್ಟು ಹೋಗೂವರು. ಅವರಿಗೆ ಬದಲಿ ಇಂಥಾ ಆಳು ಸಿಕ್ಕಾನಂದ್ರ, ನೀ ನನ್ನ ಪಾಲಿನ ಲಕ್ಷ್ಮಿ."

ಅವನು ಹೋದ ಮೇಲೆ ನಾನು ಮಲೀಕಸಾಬರ ಮೇಲೆ ಹಾಯ್ದೆ. "ಮತ್ತ ನೀವು ಎರಡಕ್ಕ ಕೊಡತಿದ್ರೆಲ್ಲ ಕಾಕಾ, ಅದು ಚಲೋ ಇತ್ತೇನು?"

"ಎರಡು ಅಂತ ಚಿವುಟತಿದ್ದಂವ ಅವನು, ಬೇಟಿ. ನಾನಲ್ಲ." ಮಲೀಕಸಾಬರ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. "ನಾ ಮೊದಲಿಂದ ಐದು ಹಿಡಕೊಂಡು ಕಲ್ಲಿನಂಗ ಕುಂತಿದ್ದೆ. ಅಲ್ಲಿ ಎಳೇರು ಇರೂದs ಐದು ಮಂದಿ, ಐದನೇದಂವ ದುರ್ಗಪ್ಪನ ಸ್ವಂತ ಮಗ, ಕಾಳಪ್ಪ. ಏನಾದ್ರೂ ಅಂವನ್ನ ಕೊಡೂದಿಲ್ಲ ಅಂತ ಗೊತ್ತಿತ್ತು. ಠರಾವಿಗೆ ಮರ್ಯಾದಿನೂ ಆಗತಿತ್ತು, ರಾಚಪ್ಪ ಇಲ್ಲೇ ಉಳೀತಿದ್ದ. ಇನ್ನೊಂದು ಚಾ ಆಗಿದ್ರ ಅಂವ ತಾನs ಎದ್ದು ಹೋಗತಿದ್ದ. ನಿನಗ ಕಣ್ಣು ಹೊಡದ್ನಲ್ಲವಾ."

ನೀಲಪ್ಪ "ಹಾಂ!" ಎಂದು ಬಾಯಿ ತೆರೆದ. ಅವನಿಗೂ ಈಗಲೇ ತಿಳಿದದ್ದು. ನಾನು ನಮ್ಮ ಮನೆಯವರ ಕಡೆ ತಿರುಗಿದೆ. "ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನಿನಗ ಹೇಳಿದ್ರ, ನೀ ಗ್ವಾಡಿಮ್ಯಾಲಿಂದ ಬಾಜೂಮನಿ ಗುಲಾಬಬಿಗೆ ಹೇಳತಿದ್ದಿ. ಸಂಜೀ ಬಸ್ಸಿಗೆ ಹುನಗುಂದಕ್ಕ ಮುಟ್ಟತಿತ್ತು."

ಈ ಮಾತು ಸುಳ್ಳು. (ಗುಲಾಬಬಿಗೆ ಹೇಳುತ್ತಿದ್ದೆ, ಸರಿ. ಆದರೆ ಆಕೆ ಯಾರಿಗೂ ಹೇಳುವವಳಲ್ಲ, ಹುನಗುಂದದ ತನ್ನ ಅಕ್ಕನನ್ನು ಬಿಟ್ಟರೆ.)

ನೋಡಿ, ಈಗ ನೀವೇ ಹೇಳಿ. ಹೆಂಡತಿಗೆ ಹೇಳದೆ ಗುಟ್ಟು ಮಾಡಿದವರು ಇವರು, ಟವೆಲ್ ಮುಚ್ಚಿದವರು ಅವರು, ತಪ್ಪು ಮಾತ್ರ ನನ್ನದು! ಇವತ್ತಿಗೂ ನಾನು ಒಪ್ಪುವುದಿಲ್ಲ.

ಜೂನಿನಲ್ಲಿ ಕಾಲೇಜು ಶುರುವಾಯಿತು. ಹುನಗುಂದದ ನಾಲ್ವರೂ ಟ್ರಂಕು ಹೊತ್ತು ಬಂದರು. ಮಾಳಪ್ಪ, ಹಣಮಪ್ಪ, ಮತ್ತಿಬ್ಬರು. ಒಬ್ಬೊಬ್ಬನೂ ತೆಂಗಿನ ಮರ. ನಮ್ಮ ಬಾಗಿಲ ಚೌಕಟ್ಟಿಗೆ ಸಾಲಾಗಿ ಹಣೆ ಬಡಿಸಿಕೊಂಡರು. ಹಾಸ್ಟೆಲಿನಲ್ಲಿ ಜಾಗ ಇಲ್ಲವಂತೆ. ನೀಲಪ್ಪ ತಲೆ ತಗ್ಗಿಸಿ, "ಕಮಿಟಿ ತೀರ್ಮಾನ ವೈನಿ. ತಂದವರs ಸಾಕಬೇಕಂತ" ಎಂದ. ಆಗಲಿ ಎಂದೆ. ಅಮಾತೆಪ್ಪನ ಮಗಳು ಕಟ್ಟಿಕೊಂಡು ಬಂದ ದನಕ್ಕೆ ಮೇವಿಲ್ಲ ಎಂದವಳಲ್ಲ. ಸಂಘದ ಪುನರ್ನಿರ್ಮಾಣ ನನ್ನ ಒಲೆಯ ಮೇಲೆ ಆರಂಭವಾಯಿತು. ಎಳೆಯ ರಕ್ತಕ್ಕೆ ಎಷ್ಟು ರೊಟ್ಟಿ ಬೇಕಾಗುತ್ತದೆ ಎಂಬುದು ಪೇಪರಿನಲ್ಲಿ ಬರೆದಿರುವುದಿಲ್ಲ. ಬೆಳಿಗ್ಗೆ ಬಡಿಯಲು ಕೂತರೆ ಮಧ್ಯಾಹ್ನಕ್ಕೆ ಇಟ್ಟ ಜೋಳದ ಹಿಟ್ಟೂ ಮುಗಿದಿರುತ್ತಿತ್ತು.

ನಮ್ಮ ಮನೆಯವರು ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದರು. ಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದರು. "ಗ್ವಾಡಿ, ನೀರು ಬೇಕಾಗಿತ್ತು." ಗೋಡೆಯ ಪರವಾಗಿ ನಾನು ಕೊಡುತ್ತಿದ್ದೆ. ನಾನೂ ಸೋಲುವವಳಲ್ಲ, ಗೋಡೆಯ ಮೂಲಕವೇ ಉತ್ತರ ಕಳಿಸುತ್ತಿದ್ದೆ.

ಆಮೇಲೊಂದು ಶನಿವಾರ. ಅವತ್ತಿನ ಪಂದ್ಯ ನಮ್ಮೂರಿನ ವಿರುದ್ಧವೇ, ಹುನಗುಂದದಲ್ಲಿ. ಇವರು ಹುನಗುಂದದ ಹಳದಿ ಬನಿಯನ್ ಹಾಕಿಕೊಂಡು, ಅದು ಓಣಿಯವರಿಗೆ ಕಾಣಬಾರದೆಂದು ಮೇಲೆ ಅಂಗಿಯ ಎಲ್ಲಾ ಗುಂಡಿ ಹಾಕಿಕೊಂಡು, ಪಡಸಾಲೆಯಲ್ಲಿ ಬೂಟು ಕಟ್ಟುತ್ತ ಕೂತಿದ್ದರು. ಬಗ್ಗಲು ಆಗುತ್ತಿರಲಿಲ್ಲ. ಬಿಸಿ ಉಪ್ಪಿನ ಗಂಟು ತಂದು ಕೆಳಗೆ ಕೂತು ಮೊಣಕಾಲಿಗೆ ಇಟ್ಟೆ. ಬೇಡ ಎನ್ನಲಿಲ್ಲ.

"ಸಾಕಿನ್ನು ಸಿಟ್ಟು" ಎಂದೆ. "ಹುನಗುಂದ ಏನು ಪರದೇಶ ಅಲ್ಲ. ನನ್ನಿಂದ ನಿಮ್ಮ ಬಯಲು ಬಿಟ್ಟುಹೋತು, ಹೌದು. ಆದ್ರ ನಿಮ್ಮ ಕಿಮ್ಮತ್ತಿಗಾಗೇ ನಾ ಕೈ ಹಾಕಿದ್ದು, ಅಷ್ಟರೆ ತಿಳಕೊಳ್ರಿ."

ಇವರು ಬೂಟಿನ ಲಾಡಿ ಬಿಗಿದರು. ಆಮೇಲೆ ಗೋಡೆಗಲ್ಲ, ನನಗೇ ಹೇಳಿದರು.

"ಬ್ಯಾರೆ ಊರಾಗ ಆಡೂದು ಹ್ಯಾಂಗೋ ತಡಕೋತೇನಿ ಸಿದ್ದಿ. ಅದಲ್ಲ ನನಗ ಚುಚ್ಚೂದು. ಮಲೀಕಸಾಬರು ನನಗ ಏನಾಗಬೇಕು? ಏನಿಲ್ಲ. ಅವರು ಐದು ಅಂದ್ರು. ನೀ ಕಟಗೊಂಡಾಕಿ. ನೀ ನಾಕ ಅಂದಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ದಪ್ಪ ದಪ್ಪ ದನಿಗಳು ಒಟ್ಟಿಗೇ ಕೂಗಿದವು, "ಅವ್ವಾರss, ರೊಟ್ಟಿ!"

ನಮ್ಮ ಮನೆಯವರು ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು.

"ಹೋಗು" ಎಂದರು. "ನನ್ನ ಕಿಮ್ಮತ್ತು ಹಸದು ಕುಂತೈತಿ."